ಬಾಗಿಲಿಗೆ ಎಷ್ಟು ಮರ?

ಹೊಳೆಯ ದಂಡೆಯಲ್ಲಿ ಮೋನಪ್ಪ ಗುರುಗಳ ಆಶ್ರಮ. ಅಲ್ಲಿ ಮರಗೆಲಸವೇ ಪಾಠ, ಮರಗೆಲಸವೇ ಪೂಜೆ.

ಚಂದ್ರವ್ವ ಅಲ್ಲಿಗೆ ಬಂದು ಮೂರು ವರ್ಷವಾಗಿತ್ತು. ಉಳಿ ಮಸೆದಿದ್ದಳು, ಹಲಗೆ ನಯ ಮಾಡಿದ್ದಳು, ಊಟದ ಮಣೆಗಳನ್ನು ಮಾಡಿದ್ದಳು. ಗೋಡೆ ಮಾತ್ರ ಎಬ್ಬಿಸಿರಲಿಲ್ಲ.

ಅವಳ ಕಣ್ಣೆಲ್ಲ ಗುರುಗಳು ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದ ಗಜಕಡ್ಡಿಯ ಮೇಲೆ. ಆ ಅಳತೆಯ ಕಡ್ಡಿ ಕೈಗೆ ಬಂತೆಂದರೆ ಕಲಿಕೆ ಮುಗಿಯಿತು. ಇನ್ನು ಎಲ್ಲಿ ಬೇಕಾದರೂ ಹೋಗಿ ಮನೆ ಕಟ್ಟಬಹುದು.

ಒಂದು ಬೆಳಿಗ್ಗೆ ಗುರುಗಳು ಅವಳನ್ನು ಹೊಸ ಪಡಸಾಲೆಗೆ ಕರೆದರು. ಮೂರು ಕಡೆ ಗೋಡೆ ಎದ್ದಿತ್ತು. ಹೊಳೆಯ ಕಡೆ ಬಟ್ಟಬಯಲು.

"ಇಲ್ಲೊಂದು ಗೋಡೆ ಬೇಕು. ಹನ್ನೆರಡು ಮೊಳ ಉದ್ದ. ಹೊಳೆ ದಾಟಿ ಬರುವವರಿಗೆ ಅದರಲ್ಲೊಂದು ಬಾಗಿಲು. ಇಡೀ ಗೋಡೆಯ ಚೌಕಟ್ಟಿಗೆ ಮರ ಎಷ್ಟು ಹಿಡಿಯುತ್ತೆ, ಹೇಳು. ಒಂದೂ ಮಿಗಬಾರದು, ಒಂದೂ ಕಡಿಮೆ ಬೀಳಬಾರದು. ಲೆಕ್ಕ ಸರಿಬಂದರೆ ಈ ಕಡ್ಡಿ ನಿನ್ನದು."

ಚಂದ್ರವ್ವ ಬೆರಳೆಣಿಸತೊಡಗಿದಳು.

"ಎರಡು ಮೊಳಕ್ಕೊಂದು ಕಂಬ, ಗುರುಗಳೇ. ಆರು ಅನ್ನಿಸುತ್ತೆ. ಆದರೆ ಶುರುವಿನಲ್ಲೂ ಒಂದು ನಿಲ್ಲಬೇಕಲ್ಲ, ಅದಕ್ಕೇ ಏಳು. ಮೇಲೊಂದು ತೊಲೆ, ಕೆಳಗೊಂದು ತೊಲೆ. ಒಟ್ಟು ಒಂಬತ್ತು."

"ಬಾಗಿಲಿಗೆ?"

"ಬಾಗಿಲ ಹಲಗೆ ಹಳೆಯದೇ ಇದೆಯಲ್ಲ. ಎರಡು ಕಂಬದ ನಡುವೆ ನೇತುಹಾಕಿದರಾಯಿತು. ಖಾಲಿ ಜಾಗಕ್ಕೆ ಮರ ಯಾಕೆ?"

"ಹೌದಲ್ಲ!" ಎಂದರು ಗುರುಗಳು, ಮೀಸೆ ನೀವುತ್ತ.

ಅಂಬಿಗ ಜಟ್ಟೆಪ್ಪ ಆಚೆ ದಡದಿಂದ ಒಂಬತ್ತು ಮರ ತಂದು ಇಳಿಸಿದ.

"ಇಡೀ ಗೋಡೆಗೆ ಇಷ್ಟೇನಾ ತಂಗೀ? ನನ್ನ ದೋಣಿಗೇ ಇದಕ್ಕಿಂತ ಹೆಚ್ಚು ಹಿಡಿದಿದೆ!"

"ನಿನ್ನ ದೋಣಿ ಸೋರುತ್ತಲ್ಲ ಜಟ್ಟೆಪ್ಪಣ್ಣ. ಅರ್ಧ ಮರ ತೇಪೆಗೇ ಹೋಗಿರುತ್ತೆ."

ಜಟ್ಟೆಪ್ಪ ನಕ್ಕ ರಭಸಕ್ಕೆ ದೋಣಿಯೇ ಓಲಾಡಿತು.

ಮೂರನೆಯ ದಿನ ಚೌಕಟ್ಟು ನೆಟ್ಟಗೆ ನಿಂತಿತು. ಚಂದ್ರವ್ವ ಹಳೆಯ ಬಾಗಿಲನ್ನು ತಂದು ಒಂದು ಕಂಬಕ್ಕೆ ಸೇರಿಸಿ, ಹಿಡಿದು ಎಳೆದಳು.

ಬಾಗಿಲ ಜೊತೆಗೆ ಕಂಬವೂ ಬಂತು. ಚಳಿಜ್ವರ ಹಿಡಿದವರ ಹಾಗೆ ಇಡೀ ಚೌಕಟ್ಟು ನಡುಗಿತು.

ಅವಳು ಬಾಗಿಲನ್ನು ಬಿಚ್ಚಿಟ್ಟಳು. ಗುರುಗಳ ಸೊಂಟದ ಗಜಕಡ್ಡಿಯ ಕಡೆಗೊಮ್ಮೆ ನೋಡಿದಳು.

"ಗುರುಗಳೇ, ಹಿತ್ತಿಲ ಕಡೆ ಹೇಗೂ ಒಂದು ಬಾಗಿಲಿದೆ. ಇದೊಂದು ಇಲ್ಲದಿದ್ದರೆ ನಡೆಯಲ್ಲವೇ? ಆಗ ಒಂಬತ್ತೇ ಸರಿ. ಒಂದೂ ಮಿಗಲ್ಲ, ಒಂದೂ ಕಡಿಮೆ ಬೀಳಲ್ಲ."

"ಲೆಕ್ಕವೇನೋ ಸರಿ," ಎಂದರು ಗುರುಗಳು. ಗಜಕಡ್ಡಿ ತೆಗೆದು ಅವಳ ಮುಂದಿಟ್ಟರು. "ಮುಚ್ಚು. ಮುಚ್ಚಿ ತಗೋ."

ಚಂದ್ರವ್ವನ ಕೈಗೆ ರೆಕ್ಕೆ ಬಂತು. ಬಿದಿರಿನ ತಟ್ಟಿಗಳನ್ನು ಈ ತುದಿಯಿಂದ ಆ ತುದಿಗೆ ಕಟ್ಟಿದಳು. ಕೊನೆಯ ಗಂಟು ಬಿಗಿದಳು. ಕಡ್ಡಿಯ ಕಡೆ ಕೈ ಚಾಚಿದಳು.

ಹೊರಗೆ ಧಡ್ ಎಂದಿತು.

"ಅಯ್ಯಯ್ಯೋ! ಇಲ್ಲಿ ದಾರಿ ಇತ್ತಲ್ಲ, ಯಾರು ಹೊತ್ತುಕೊಂಡು ಹೋದರು?"

ಜಟ್ಟೆಪ್ಪ. ದಿನವೂ ಹೊಳೆಯಿಂದ ನೇರ ನಡೆದು ಬರುವ ಮನುಷ್ಯ. ತಟ್ಟಿಯ ಸಂದಿಯಲ್ಲಿ ಅವನ ಒಂದೇ ಒಂದು ಕಣ್ಣು ಕಾಣಿಸಿತು.

"ಮಜ್ಜಿಗೆ ತಂದೀನಿ ತಂಗೀ. ಈ ಸಂದಿಯಲ್ಲೇ ಹುಯ್ಯಲೇನು? ಬಾಯಿ ಹಿಡೀತೀಯಾ?"

ಚಂದ್ರವ್ವನಿಗೆ ನಗು ತಡೆಯಲಾಗಲಿಲ್ಲ. ನಗುನಗುತ್ತಲೇ ಚಾಚಿದ ಕೈ ಹಿಂದೆಳೆದುಕೊಂಡಳು. ಕಡ್ಡಿಯ ಬದಲು ಕುಡುಗೋಲು ಹಿಡಿದು ಒಂದೊಂದೇ ಗಂಟು ಕೊಯ್ದಳು. ತಟ್ಟಿ ಬಿತ್ತು. ಹೊಳೆಯ ಗಾಳಿ ಒಳಗೆ ನುಗ್ಗಿತು, ಅದರ ಹಿಂದೆ ಜಟ್ಟೆಪ್ಪ.

"ನನ್ನ ಲೆಕ್ಕ ತಪ್ಪು, ಗುರುಗಳೇ. ಇನ್ನೂ ನಾಲ್ಕು ಬೇಕು. ಎರಡು ಬದಿಗೆ ಎರಡು ದಪ್ಪ ಕಂಬ, ಮೇಲೊಂದು ಅಡ್ಡಮರ, ಕೆಳಗೊಂದು ಹೊಸ್ತಿಲು. ಕಡ್ಡಿ ನಿಮ್ಮ ಹತ್ತಿರವೇ ಇರಲಿ."

ಗುರುಗಳು ಕಡ್ಡಿಯನ್ನೆತ್ತಿ ಅವಳ ಅಂಗೈಯಲ್ಲಿಟ್ಟು ಬೆರಳು ಮಡಚಿದರು.

"ಮತ್ತೆ ಹೊಸ್ತಿಲನ್ನು ಯಾವುದರಲ್ಲಿ ಅಳೀತೀಯೇ? ನನ್ನ ಮೀಸೆಯಲ್ಲೇ?"

ಚಂದ್ರವ್ವ ಕಡ್ಡಿಯನ್ನು ಕಣ್ಣಿಗೊತ್ತಿಕೊಂಡಳು.

ಜಟ್ಟೆಪ್ಪ ಮೂವರಿಗೂ ಮಜ್ಜಿಗೆ ಹುಯ್ದ. ಗೋಡೆಯನ್ನೊಮ್ಮೆ, ತಾನು ಬಂದ ಕಿಂಡಿಯನ್ನೊಮ್ಮೆ ನೋಡಿ ತಲೆ ಕೆರೆದುಕೊಂಡ.

"ನನಗೊಂದು ತಿಳೀಲಿಲ್ಲ, ಗುರುಗಳೇ. ಇಷ್ಟುದ್ದ ಗೋಡೆಗೆ ಒಂಬತ್ತು ಮರ. ಏನೂ ಇಲ್ಲದ ಈ ಒಂದು ಕಿಂಡಿಗೆ ನಾಲ್ಕಾ?"

ಗುರುಗಳು ಮೀಸೆಗಂಟಿದ ಮಜ್ಜಿಗೆ ಒರೆಸಿಕೊಂಡರು.

"ಗೋಡೆ ತನ್ನ ಭಾರ ತಾನು ಹೊತ್ತರೆ ಸಾಕು, ಜಟ್ಟೆಪ್ಪ. ಬಾಗಿಲು ಬರುವವರನ್ನೆಲ್ಲ ಹೊರಬೇಕು."