ತೊಗಲಿನ ಅಂಗಿ

ಹೊಳೆದಂಡೆಯ ಆ ಪುಟ್ಟ ಆಶ್ರಮಕ್ಕೆ ಆಸ್ತಿ ಎಂದರೆ ಮೊಳಕಾಲೆತ್ತರದ ಗಿಡ್ಡ ಆಡುಗಳು. ಅವುಗಳ ಹಾಲಿನ ಮೇಲೇ ಅಲ್ಲಿಯ ಒಲೆ ಉರಿಯುತ್ತಿತ್ತು. ಮೇಯಿಸುವುದು, ಕರೆಯುವುದು ಶಿಷ್ಯ ಗದಿಗಯ್ಯನ ಕೆಲಸ.

ಆವತ್ತು ಬೆಳಿಗ್ಗೆ ಅವನ ಅಚ್ಚುಮೆಚ್ಚಿನ ಆಡು ಮರಿ ಹಾಕಿ ಸತ್ತುಹೋಯಿತು. ಪಕ್ಕದಲ್ಲೇ ಕೆಂದಿ ಎಂಬ ಇನ್ನೊಂದು ಆಡು ಸತ್ತ ಮರಿ ಈದಿತ್ತು.

ಒಂದಕ್ಕೆ ತಾಯಿಯಿಲ್ಲ, ಇನ್ನೊಂದಕ್ಕೆ ಮರಿಯಿಲ್ಲ. ಸರಿಹೋಯಿತಲ್ಲ ಎಂದುಕೊಂಡ ಗದಿಗಯ್ಯ. ತಬ್ಬಲಿ ಮರಿಗೆ ಸೀಗೆಪುಡಿ ಹಚ್ಚಿ ತಿಕ್ಕಿ ತಿಕ್ಕಿ ಮೀಯಿಸಿದ. ಹಣೆಗೆ ವಿಭೂತಿ ಬಳಿದು, ಮದುಮಗನ ಹಾಗೆ ಕೆಂದಿಯ ಮುಂದೆ ನಿಲ್ಲಿಸಿದ.

ಕೆಂದಿಗೆ ಅವನ ಭಕ್ತಿ ಬೇಕಿರಲಿಲ್ಲ. ಮೂಸಿ ನೋಡಿ, ಹಿಂದೆ ಸರಿದು ಗುದ್ದಿತು. ಮರಿ ಗೋಡೆಗೆ ಹೋಗಿ ಬಿತ್ತು.

ಮತ್ತೆ ನಿಲ್ಲಿಸಿದ. ಮತ್ತೆ ಗುದ್ದಿತು. ಬಟ್ಟೆಯನ್ನು ಹಾಲಲ್ಲಿ ಅದ್ದಿ ಬಾಯಿಗಿಟ್ಟರೆ ಮರಿ ಚೀಪಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಅದರ ಕತ್ತು ನಿಲ್ಲುತ್ತಿರಲಿಲ್ಲ.

ಗದಿಗಯ್ಯ ಗುರು ಅಡವಯ್ಯಜ್ಜನವರ ಬಳಿ ಓಡಿದ.

"ಅಜ್ಜಾರ, ಮರಿ ಸಾಯಾಕತ್ತೇತ್ರಿ. ಕೆಂದಿ ಹತ್ರ ಬಿಟ್ಕೊಳ್ಳವಲ್ದು. ಆ ಮೂಕ ಪ್ರಾಣಿಗೆ ದಯಾ ಹೆಂಗ ಕಲಸೋದ್ರಿ?"

"ಅದರ ಸತ್ತ ಮರಿ ಎಲ್ಲೈತಿ?"

"ಹುಗ್ಯಾಕ ತಗ್ಗು ತೋಡೀನ್ರಿ."

"ಕೆಂದಿ ಹತ್ರ ತಗೊಂಡ್ ಬಾ. ಚಾಕೂನೂ ತಾ."

ಇರುವೆ ಸಾಲು ಕಂಡರೆ ಬಳಸಿಕೊಂಡು ಹೋಗುವ ಗುರುಗಳು, ಕೆಂದಿಯ ಎದುರಿಗೇ ಕೂತು, ಸತ್ತ ಮರಿಯನ್ನು ತೊಡೆಯ ಮೇಲೆ ಹಾಕಿಕೊಂಡು ತೊಗಲು ಸುಲಿಯತೊಡಗಿದರು.

ಗದಿಗಯ್ಯ ಕೆಂದಿಗೆ ಅಡ್ಡ ನಿಂತ.

"ಅಜ್ಜಾರ! ಏನ್ ಮಾಡಾಕತ್ತೀರಿ? ಅದರ ತಾಯಿ ನೋಡಾಕತ್ತೇತ್ರಿ!"

ಗುರುಗಳು ತಲೆಯೆತ್ತಲಿಲ್ಲ. ಸುಲಿದ ತೊಗಲಿಗೆ ನಾಲ್ಕು ತೂತು ಮಾಡಿ, ತಬ್ಬಲಿ ಮರಿಯ ಕಾಲು ತೂರಿಸಿ, ಅಂಗಿ ತೊಡಿಸಿದಂತೆ ತೊಡಿಸಿದರು. ಹಣೆಯ ವಿಭೂತಿ ಒರೆಸಿದರು.

ಗದಿಗಯ್ಯನಿಗೆ, ದಿನಾ ಬೆಳಿಗ್ಗೆ ನಾನು ಹಣೆ ಮುಟ್ಟಿಸುವುದು ಇವರ ಪಾದಕ್ಕೇನಾ ಎನ್ನಿಸಿತು.

ಕೆಂದಿ ಮೂಸಿತು. ಮತ್ತೆ ಮೂಸಿತು. ಆಮೇಲೆ ಸಣ್ಣ ದನಿಯಲ್ಲಿ ಕರೆಯುತ್ತ ನೆಕ್ಕತೊಡಗಿತು. ಮರಿ ತಡವರಿಸಿಕೊಂಡು ಹೋಗಿ ಕೆಚ್ಚಲಿಗೆ ಬಾಯಿ ಹಾಕಿತು. ಅದರ ಬಾಲ ಕುಣಿಯಿತು.

ಆದರೂ ಗದಿಗಯ್ಯನಿಗೆ ಸಮಾಧಾನವಾಗಲಿಲ್ಲ.

"ಇದು ಮೋಸ ಅಲ್ಲೇನ್ರಿ? ಕೂಸು ಕಳ್ಕೊಂಡ ತಾಯಿಗೆ ಇಂಥಾ ಮೋಸಾ?"

"ಮೋಸಾನ."

"ಗೊತ್ತಾದ್ರ?"

"ದಿನಾ ಒಂದೀಟು ತೊಗಲು ಕತ್ತರಸ್ತೀನಿ. ಗೊತ್ತಾಗೋ ಹೊತ್ತಿಗೆ ಅದಕ್ಕ ಈ ಮರಿ ಬಿಟ್ಟಿರಾಕ ಆಗಾಂಗಿಲ್ಲ."

ಗುರುಗಳು ಕೈ ತೊಳೆದುಕೊಂಡರು.

"ನಿನ್ನ ಹೆಗಲ ಮ್ಯಾಲಿನ ಶಾಲು ಯಾರ್ ಕೊಟ್ರು?"

"ಅಡಗಿ ಮನಿ ನೀಲವ್ವ. ನಾ ಬಂದ ದಿನಾನ ಹೊದಿಸಿ, ನಿಮ್ಮ ಮುಂದ ತಂದು ನಿಲ್ಲಿಸಿದ್ಲು."

"ಅದು ಚೆನ್ನವೀರನ ಶಾಲು. ನಿನಗಿಂತ ಮೊದ್ಲು ನನ್ನ ಹತ್ರ ಇದ್ದಾಂವ. ಹೊಳಿ ಪಾಲಾದ. ಆಮ್ಯಾಲೆ ಶಿಷ್ಯ ಆಗ್ತೀನಂತ ಬಂದೋರ್ನೆಲ್ಲ ಬಾಗಲದಾಗಿಂದನ ಅಟ್ಟಿಬಿಟ್ಟೆ."

ಗದಿಗಯ್ಯನ ಕೈ ತಾನಾಗಿ ಶಾಲಿನ ಅಂಚು ಹಿಡಿಯಿತು.

ಗುರುಗಳು ಕೆಂದಿಯ ಬೆನ್ನು ಸವರಿದರು.

"ನೀ ಬಂದ ದಿನ ನಾನೂ ಮೂಸಿ ನೋಡಿದ್ನೋ, ತಮ್ಮಾ."