ಅವ್ವನವರು ದುರ್ಗವ್ವನನ್ನು ಬೆನ್ನ ಮೇಲೆ ಹೊತ್ತದ್ದು

ಭೀಮಾ ನದಿಯ ದಂಡೆಯ ತೊರೆಹಾಳದಲ್ಲಿ ಪೂಜ್ಯ ಬಸಲಿಂಗಮ್ಮ ತಾಯಿಯವರು ವಾಸವಾಗಿದ್ದದ್ದು ಒಂದು ತಗಡಿನ ಶೆಡ್ಡಿನಲ್ಲಿ. ಮಹಾಪೂರದ ವರ್ಷ, ಮನೆ ಕಳೆದುಕೊಂಡವರಿಗೆಂದು ಊರ ಹಿಂದಿನ ದಿಬ್ಬದ ಮೇಲೆ ಹಾಕಿದ ಶೆಡ್ಡು ಅದು. ನೀರಿಳಿದ ಮೇಲೆ ಊರವರು ಕೆಳಗೆ ಹೋದರು, ಅವ್ವನವರು ಅಲ್ಲೇ ಉಳಿದರು. ಒಳಗಿನ ಅರ್ಧ ಜಾಗದಲ್ಲಿ ಊರವರೆಲ್ಲ ಕೂಡಿಟ್ಟ ಜೋಳದ ಚೀಲಗಳು. ಬಿತ್ತನೆಯ ಬೀಜ ತುಂಬಿ ಸಗಣಿಯಿಂದ ಬಾಯಿ ಮುಚ್ಚಿದ ಸೋರೆಬುರುಡೆಗಳು ಸೂರಿನಿಂದ ತೂಗುತ್ತಿದ್ದವು. ಉಳಿದರ್ಧದಲ್ಲಿ ದಾಸೋಹದ ಒಲೆ. ನಡುವೆ ಒಂದು ಕೌದಿಯ ಅಗಲ ಮಾತ್ರ ಅವ್ವನವರದು. ಭಕ್ತರೊಬ್ಬರು ಮಂಚ ತಂದುಕೊಟ್ಟಾಗ ಅದರ ಮೇಲೆ ಇನ್ನೂ ನಾಲ್ಕು ಚೀಲ ಇಡಿಸಿ, "ಛಲೋ ಆತು, ಇಲಿ ಕಾಟ ತಪ್ಪಿತು" ಎಂದರು.

ನಾನು ಬರೆಯುವ ಪ್ರಸಂಗವನ್ನು ಪವಾಡವೆಂದು ಹೇಳಿಕೊಂಡು ತಿರುಗುವವರಿದ್ದಾರೆ. ಅವರು ತಿದ್ದಿಕೊಳ್ಳಬೇಕು. ಅವ್ವನವರು ನೀರಿನ ಮೇಲೆ ನಡೆಯಲಿಲ್ಲ, ವಿಭೂತಿ ಎರಚಿ ಹೊಳೆಯನ್ನು ನಿಲ್ಲಿಸಲಿಲ್ಲ. ಅವರು ಮಾಡಿದ್ದು ಅದಕ್ಕಿಂತ ಕಠಿಣವಾದದ್ದು. ಹಾಗಾಗಿಯೇ ಯಾವ ಅಲಂಕಾರವನ್ನೂ ಸೇರಿಸದೆ, ಕಂಡವರು ಹೇಳಿದಷ್ಟನ್ನೇ ಬರೆಯುತ್ತಿದ್ದೇನೆ.

ಮಹಾಪೂರದಲ್ಲಿ ತೊರೆಹಾಳದ ಹದಿನಾಲ್ಕು ಜೀವ ಹೋದವು. ಊರು ಅತ್ತು ಮುಗಿಸಿದ ಮೇಲೆ ಅವ್ವನವರು ಒಂದು ತಿಂಗಳು ಮನೆಮನೆಗೆ ಹೋದರು. ಎಲ್ಲ ಕಡೆಯೂ ಒಂದೇ ಪ್ರಶ್ನೆ: "ನೀರು ಬಂದಾಗ ನೀವು ಯಾವ ಕಡಿ ಓಡಿದ್ರಿ?" ಉತ್ತರವೂ ಒಂದೇ ಆಗಿತ್ತು. ಎಲ್ಲರೂ ತಮ್ಮ ತಮ್ಮವರ ಕಡೆಗೆ ಓಡಿದ್ದರು. ಹೊಲದಲ್ಲಿದ್ದ ಗಂಡ ಮನೆಗೆ, ಮನೆಯಲ್ಲಿದ್ದ ಹೆಂಡತಿ ಹೊಲಕ್ಕೆ. ದಿಬ್ಬಕ್ಕೆ ಹೋಗುವ ದಾರಿ ಒಂದೇ, ಅದೂ ಎರಡು ಕಲ್ಲುಗೋಡೆಗಳ ನಡುವಿನ ಇಕ್ಕಟ್ಟು. ಹತ್ತುವವರಿಗೆ ಇಳಿಯುವವರು ಅಡ್ಡ ಬಂದರು. ಪಕ್ಕದ ಮನೆಯ ಮುದುಕನನ್ನು ದಾಟಿಕೊಂಡೇ ಜನ ತಮ್ಮ ಮನೆಗೆ ಓಡಿದ್ದರು. ಇದು ದ್ವೇಷದಿಂದ ಆದದ್ದಲ್ಲ, ಪ್ರೀತಿಯಿಂದಲೇ ಆದದ್ದು.

ಮುಂದಿನ ಅಮಾವಾಸ್ಯೆಯಿಂದ ಅವ್ವನವರು ಒಂದು ನೇಮ ಹಾಕಿದರು. ಅಮಾವಾಸ್ಯೆ ಎಂದರೆ ನಮ್ಮ ಕಡೆ ಎತ್ತಿನ ಕೊರಳಿಗೆ ನೊಗ ಕಟ್ಟದ ದಿನ. ಆ ದಿನ ಬೆಳಿಗ್ಗೆ ಹಲಗೆ ಬಾರಿಸಿದ ಕೂಡಲೇ ನಡೆಯಬಲ್ಲವರೆಲ್ಲ, ನಡೆಯಲಾರದವರೊಬ್ಬರನ್ನು ಹೊತ್ತುಕೊಂಡು ದಿಬ್ಬ ಹತ್ತಬೇಕು. ತಮ್ಮ ಮನೆಯವರನ್ನು ಹೊರುವಂತಿಲ್ಲ. ಯಾರು ಯಾರನ್ನು ಹೊರಬೇಕೆಂಬುದನ್ನು ಶೆಡ್ಡಿನ ಗೋಡೆಯ ಮೇಲೆ ಇದ್ದಿಲಿನಲ್ಲಿ ಬರೆದಿತ್ತು. "ಎತ್ತಿಗೆ ಸೂಟಿ, ನಮಗ ನೊಗ" ಎಂದು ಜನ ನಗೆಯಾಡಿದರು, ಆದರೂ ಹೊತ್ತರು. ಹೊರದವರಿಗೂ ದಾಸೋಹದಲ್ಲಿ ಊಟವಿತ್ತು. ಒಂದೇ ವ್ಯತ್ಯಾಸವೆಂದರೆ, ಅವರಿಗೆ ಅವ್ವನವರು ಸ್ವತಃ ಬಡಿಸುತ್ತಿದ್ದರು. ಆ ರೊಟ್ಟಿಯನ್ನು ತಲೆಯೆತ್ತಿ ತಿಂದವರನ್ನು ಯಾರೂ ಕಂಡಿಲ್ಲ.

ಈ ನೇಮವನ್ನು ಬಾಯಿಬಿಟ್ಟು ಒಲ್ಲೆನೆಂದವನು ಸಾಬಣ್ಣ ಅಂಬಿಗೇರ ಒಬ್ಬನೇ. ಹರಿಗೋಲು ನಡೆಸುವ ಅವನ ತೋಳಿನಂಥ ತೋಳು ಸುತ್ತ ಹತ್ತು ಹಳ್ಳಿಯಲ್ಲಿ ಇರಲಿಲ್ಲ. ಮಹಾಪೂರದ ದಿನ ಇಪ್ಪತ್ತೆರಡು ಜನರನ್ನು ದಡ ಮುಟ್ಟಿಸಿ, ಕೊನೆಗೆ ತನ್ನ ಮನೆಗೆ ಬಂದು ನೋಡಿದರೆ ತಾಯಿ ಸಾಯವ್ವ ನೀರುಪಾಲಾಗಿದ್ದಳು. ಎರಡೂ ಕಾಲು ಸೋತ ತಂಗಿ ದುರ್ಗವ್ವ ಅಟ್ಟದ ತೊಲೆ ಹಿಡಿದು ನೇತಾಡುತ್ತ ಬದುಕಿದ್ದಳು. ಈಗ ಅವನಿಗೆ ಉಳಿದವಳು ಅವಳೊಬ್ಬಳೇ.

ಮೊದಲ ಅಮಾವಾಸ್ಯೆಯ ಹಿಂದಿನ ಸಂಜೆ ಅವನು ಊರೆಲ್ಲ ದಾಸೋಹಕ್ಕೆ ಸೇರಿದ್ದಾಗ ದಿಬ್ಬಕ್ಕೆ ಬಂದು ಶೆಡ್ಡಿನ ಮುಂದೆ ನಿಂತನು.

"ಅವ್ವಾರ, ಗ್ವಾಡಿ ಮ್ಯಾಲಿಂದ ನನ್ನ ಹೆಸರು ಅಳಿಸ್ರಿ. ಇಪ್ಪತ್ತೆರಡು ಮಂದೀನ ನಾ ದಂಡಿಗಿ ಹಚ್ಚೀನಿ. ನಮ್ಮವ್ವನ ಕೈ ಒಬ್ಬರರೆ ಹಿಡದ್ರೇನು? ಇನ್ನ ಹೊಳಿ ಬಂದ್ರ ನಾ ಮೊದಲ ನನ್ನ ಮನಿಗೇ ಹೋಗಾಂವ. ಕಾಲಿಲ್ಲದ ತಂಗೀನ ಬಿಟ್ಟು ಆ ತುಳಜವ್ವ ಮುದುಕೀನ ಹೊರು ಅಂತೀರಲ್ಲ, ಇದ್ಯಾವ ಧರ್ಮ?"

ಊಟಕ್ಕೆಂದು ಯಾರೋ ಕರೆತಂದಿದ್ದ ತುಳಜವ್ವ ಅಲ್ಲೇ ಕುಳಿತಿದ್ದಳು. "ಏ ಸಾಬ್ಯಾ, ನಿನ್ನ ಮೈಯೆಲ್ಲ ಮೀನಿನ ವಾಸನಿ. ನಿನ್ನ ಬೆನ್ನು ಹತ್ತಾಕ ನನಗೇನು ಭಾಳ ಆಸೆ ಅದ ಅಂತ ಮಾಡಿಯೇನು?" ಎಂದಳು. ಜನ ಗೊಳ್ಳೆಂದರು. ಸಾಬಣ್ಣನ ಮುಖ ಮಾತ್ರ ಬಿಗಿದೇ ಇತ್ತು.

ಅವ್ವನವರೂ ನಗಲಿಲ್ಲ. "ಸಾಬಣ್ಣ, ನಿಮ್ಮ ಓಣ್ಯಾಗಿನ ಒಂಬತ್ತು ಮನಿಗೂ ಹೋಗಿ ಕೇಳೀನಿ. ಒಂಬತ್ತೂ ಮನಿಯವರು ಒಂದ ಮಾತು ಅಂದ್ರು. 'ಸಾಯವ್ವ ಅಂಬಿಗನ ತಾಯಿ, ಆಕಿಗೇನು ಚಿಂತಿ ಅಂದ್ಕೊಂಡ್ವಿ' ಅಂದ್ರು."

ಒಂಬತ್ತು ಮನೆಯವರೂ ಅಲ್ಲಿದ್ದರು. ಒಬ್ಬರೂ ತಲೆಯೆತ್ತಲಿಲ್ಲ. ಸಾಬಣ್ಣ ಅವರನ್ನೆಲ್ಲ ಒಮ್ಮೆ ನೋಡಿ, "ಹಂಗಾರ ದುರ್ಗಿ ಯಾರ ಪಾಲಿಗಿ?" ಎಂದನು.

"ಗ್ವಾಡಿ ನೋಡು."

ದುರ್ಗವ್ವನ ಹೆಸರಿನ ಮುಂದೆ 'ಬಸಲಿಂಗಮ್ಮ' ಎಂದು ಬರೆದಿತ್ತು. ಆಗ ಅವ್ವನವರಿಗೆ ಅರವತ್ತೆಂಟು ವರ್ಷ!

ಮರುದಿನ ಬೆಳಿಗ್ಗೆ ಹಲಗೆ ಬಾರಿಸಿದರು. ಅವ್ವನವರು ಕಾವಿ ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಇಳಿದು ಹೋದರು, ದುರ್ಗವ್ವನ ಮುಂದೆ ಕುಕ್ಕರಗಾಲಲ್ಲಿ ಕುಳಿತರು, ಅವಳನ್ನು ಬೆನ್ನಿಗೇರಿಸಿಕೊಂಡು ಎದ್ದರು. ಊರು ಬೆಚ್ಚಿತು. ಪಾದಕ್ಕೆ ಹಣೆ ಹಚ್ಚುವ ಜನರ ಕಣ್ಣೆದುರಿಗೇ ಆ ಪಾದಗಳು ಕೆಸರಿನಲ್ಲಿ ತಡವರಿಸುತ್ತ ಮೇಲಕ್ಕೆ ಬರುತ್ತಿದ್ದವು.

"ಅವ್ವಾರ, ನನಗ ಪಾಪ ಹತ್ತತದ, ಇಳಿಸ್ರಿ!" ಎಂದು ದುರ್ಗವ್ವ ಅಳತೊಡಗಿದಳು.

"ಸುಮ್ಕಿರು. ಜ್ವಾಳದ ಚೀಲ ಮಾತಾಡಂಗಿಲ್ಲ."

ಸಾಬಣ್ಣ ಓಡಿಬಂದು ಕೈಚಾಚಿದನು. ಅವ್ವನವರು ನಿಲ್ಲದೆಯೇ ಹೇಳಿದರು: "ನಿನ್ನ ಪಾಲು ಅಲ್ಲಿ ಕುಂತದ. ನೀ ಆಕೀನ ಹೊತ್ತ ದಿನ ನಾ ಈಕೀನ ಇಳಸ್ತೀನಿ."

ಆ ದಿನ ಅವನು ಹೊರಲಿಲ್ಲ. ಮುಂದಿನ ಅಮಾವಾಸ್ಯೆಗೂ ಹೊರಲಿಲ್ಲ. ಮೂರನೆಯ ಸಲ ಅವ್ವನವರು ಜಾರಿ ಮೊಳಕಾಲೂರಿ ಬಿದ್ದರು. ದುರ್ಗವ್ವನನ್ನು ನೆಲಕ್ಕೆ ತಾಗಿಸದೆ, ರಕ್ತ ಸುರಿಯುವ ಕಾಲಿನಲ್ಲೇ ಹತ್ತಿದರು. ನಾಲ್ಕನೆಯ ಅಮಾವಾಸ್ಯೆಯಂದು ಹಲಗೆಯ ಮೊದಲ ಪೆಟ್ಟಿಗೇ ಸಾಬಣ್ಣ ತುಳಜವ್ವನ ಮುಂದೆ ಬೆನ್ನು ಬಾಗಿಸಿ ಕುಳಿತಿದ್ದನು.

"ಮೀಸಿ ಹಿಡಕೊಂಡು ಹತ್ತಲೇನೋ?" ಎಂದಳು ಮುದುಕಿ.

"ಏನರೆ ಹಿಡಕೊಂಡು ಹತ್ತಬೇ, ತಾಯಿ!"

ಅಂದೇ ಅವ್ವನವರು ಗೋಡೆಯ ಮೇಲಿನ ತಮ್ಮ ಹೆಸರನ್ನು ಅಳಿಸಿದರು. ದುರ್ಗವ್ವನ ಮುಂದೆ ರಸೂಲ, ಮೈಬು ಎಂಬ ಹತ್ತಿ ಹಿಂಜುವ ಅಣ್ಣತಮ್ಮಂದಿರ ಹೆಸರು ಬರೆಸಿ ಸಾಬಣ್ಣನಿಗೆ ಹೇಳಿದರು: "ನಾ ಹೊತ್ತದ್ದು ನಿನ್ನ ಸಲುವಾಗಿ. ಊರು ಹೊರೋದು ಆಕಿ ಸಲುವಾಗಿ."

ಎರಡು ಮಳೆಗಾಲ ಸುಮ್ಮನೆ ಕಳೆದವು. ಮೂರನೆಯ ಮಳೆಗಾಲದ ಒಂದು ಮುಂಜಾನೆ, ರೊಟ್ಟಿ ಬಡಿಯುವ ಹೊತ್ತಿಗೆ, ಹಲಗೆಯ ಸದ್ದು ಕೇಳಿತು. ಅಮಾವಾಸ್ಯೆಗೆ ಇನ್ನೂ ಆರು ದಿನವಿತ್ತು. ಅಷ್ಟೇ ಸಾಕಾಯಿತು, ಏನೆಂದು ಕೇಳಲು ಯಾರೂ ನಿಲ್ಲಲಿಲ್ಲ. ಹೊಳೆ ಕೆಂಪಾಗಿ, ಮರದ ಬೊಡ್ಡೆಗಳನ್ನು ಉರುಳಿಸಿಕೊಂಡು ಊರೊಳಗೆ ಬರುತ್ತಿತ್ತು!

ಸಾಬಣ್ಣ ಆಗ ನಡುಹೊಳೆಯಲ್ಲಿದ್ದನು. ಹರಿಗೋಲಿನಲ್ಲಿ ಕಳೆ ತೆಗೆಯಲು ಹೊರಟ ಆರು ಹೆಣ್ಣುಮಕ್ಕಳು. ಅವರನ್ನು ದಡಕ್ಕೆ ಹಾಕಿ ಓಡಿ ಬರುವಷ್ಟರಲ್ಲಿ ಓಣಿಯಲ್ಲಿ ತೊಡೆಯುದ್ದ ನೀರು. ಎಡಕ್ಕೆ ತಿರುಗಿದರೆ ಅವನ ಮನೆ, ನಲವತ್ತು ಹೆಜ್ಜೆ. ಬಲಕ್ಕೆ ತುಳಜವ್ವನ ಮನೆ. "ದುರ್ಗೀ!" ಎಂದು ಕೂಗಿದನು. ಉತ್ತರ ಬರಲಿಲ್ಲ. ಮತ್ತೆ ಕೂಗಿದನು. ನೀರಿನ ಸದ್ದಷ್ಟೇ.

ಅವನು ಬಲಕ್ಕೆ ತಿರುಗಿದನು.

ತುಳಜವ್ವನನ್ನು ಹೊತ್ತು ದಿಬ್ಬದ ತುದಿ ಮುಟ್ಟಿದಾಗ ಓಣಿವಾರು ಹೆಸರು ಕೂಗುತ್ತಿದ್ದರು. ಅಂಬಿಗೇರ ಓಣಿಯಲ್ಲಿ ದುರ್ಗವ್ವನ ಹೆಸರಿಗೆ ಯಾರೂ ಓಗೊಡಲಿಲ್ಲ. ರಸೂಲ, ಮೈಬು ಇಬ್ಬರೂ ನಸುಕಿನಲ್ಲೇ ಗಾದಿಯ ಹತ್ತಿ ಹಿಂಜಲು ಪರವೂರಿಗೆ ಹೋಗಿದ್ದರೆಂದು ಆಗ ತಿಳಿಯಿತು.

ಸಾಬಣ್ಣ ಮುದುಕಿಯನ್ನು ಇಳಿಸಿ ತಿರುಗಿದನು. ದಾರಿಯ ಬಾಯಲ್ಲಿ ಅವ್ವನವರು ನಿಂತಿದ್ದರು.

"ದಾರಿ ಬಿಡ್ರಿ ಅವ್ವಾರ!"

"ಕೆಳಗಿಂದ ಇನ್ನಾ ಮೂವತ್ತು ಮಂದಿ ಬರಾಕತ್ತಾರ. ನೀ ಇಳದ್ರ ಅವರು ನಿಲ್ಲತಾರ. ನಿಂತವರು ನೀರಿಗಿ ಹೋಗತಾರ."

"ಆಕಿ ಸತ್ರ?"

ಅವ್ವನವರ ಕಣ್ಣಲ್ಲಿ ನೀರು ತುಂಬಿತ್ತು. ಆದರೂ ಕದಲಲಿಲ್ಲ. "ನಿಲ್ಲು," ಎಂದರು.

ಒಂದೇ ಏಟಿಗೆ ಅವರನ್ನು ಪಕ್ಕಕ್ಕೆ ಸರಿಸಬಲ್ಲ ಆ ಮನುಷ್ಯ ನಿಂತನು. ದೊಡ್ಡ ದೊಡ್ಡವರ ತಪಸ್ಸಿನ ಕಥೆಗಳನ್ನು ನಾವು ಕೇಳಿದ್ದೇವೆ. ಸಾಬಣ್ಣನ ಆ ನಿಲುವು ಯಾವ ತಪಸ್ಸಿಗೂ ಕಡಿಮೆಯಲ್ಲ. ಕೂಸು ಹೊತ್ತವರು, ಮುದುಕರನ್ನು ಹೊತ್ತವರು ಒಬ್ಬೊಬ್ಬರಾಗಿ ಅವನ ಮುಂದೆ ಹಾದುಹೋದರು. ಅವನು ಪ್ರತಿಯೊಂದು ಮುಖವನ್ನೂ ನೋಡಿದನು.

ಆಗ ದಾರಿಯ ತಿರುವಿನಲ್ಲಿ ಗದ್ದಲವೆದ್ದಿತು. "ಮೆಲ್ಲಕ ಹಿಡಿಬೇ! ನನ್ನ ಸೊಂಟ ಮುರೀತು!" ಎಂದು ಬೈಯುವ ದನಿ. ದುರ್ಗವ್ವ! ಶಾಲೆಯ ಅಡುಗೆಯ ಗಂಗಮ್ಮನ ಬೆನ್ನ ಮೇಲೆ, ತಲೆತನಕ ಒದ್ದೆಯಾಗಿ, ಎರಡೂ ಕೈಯಿಂದ ದಾರಿ ತೋರಿಸುತ್ತ ಬರುತ್ತಿದ್ದಳು!

ಸಾಬಣ್ಣ ಗಂಗಮ್ಮನ ಕಾಲು ಹಿಡಿಯಲು ಹೋದನು. "ನಾ ಬೇವಿನ ಗಿಡದಿಂದ ಅಷ್ಟ, ಅಣ್ಣಾ. ಅಲ್ಲೀಮಟ ಕ್ಷೌರದ ಮಾನಪ್ಪ ಹೊತ್ತಿದ್ದ," ಎಂದಳು. ಮಾನಪ್ಪನನ್ನು ಕೇಳಿದರೆ, "ಬಾವಿಯಿಂದ ಈಚಿಗಷ್ಟ ನಾನು." ಅದಕ್ಕೂ ಮುಂಚೆ ಇನ್ನಿಬ್ಬರು; ಸಾಬಣ್ಣ ಕೂಗುವ ಹೊತ್ತಿಗೆ ಅವರು ಅವಳನ್ನು ಬಾವಿಯ ಕಡೆಯ ಸುತ್ತು ಓಣಿಗೆ ತಂದಾಗಿತ್ತು. ತಂತಮ್ಮ ಪಾಲಿನವರನ್ನು ಗಟ್ಟಿ ಆಳಿನ ಹೆಗಲಿಗೆ ದಾಟಿಸಿ, ತಮ್ಮ ಹೆಸರಿಗೆ ಬರೆಯದ ಈ ಪಾಲನ್ನು ಎತ್ತಿಕೊಂಡವರು. ಇವರಲ್ಲಿ ಇಬ್ಬರು ಆ ಒಂಬತ್ತು ಮನೆಗಳವರು.

ಸಾಬಣ್ಣ ಅವ್ವನವರ ಪಾದದ ಮೇಲೆ ಬಿದ್ದು ಬಿಕ್ಕಿ ಬಿಕ್ಕಿ ಅತ್ತನು. ಅವ್ವನವರು ಸೆರಗಿನಿಂದ ಕಣ್ಣೊರಸಿಕೊಂಡು, "ಏಳಪ್ಪಾ. ಆರುನೂರು ಮಂದಿ ಹಸದಾರ, ಸೌದಿ ಒಡಿ," ಎಂದರು.

ಆ ಪ್ರವಾಹದಲ್ಲಿ ತೊರೆಹಾಳದ ಒಂದು ಜೀವವೂ ಹೋಗಲಿಲ್ಲ. ಮೂವತ್ತೊಂದು ಮನೆ ಬಿದ್ದವು. ಊರು ಕೂಡಿಟ್ಟ ಜೋಳ ಊರನ್ನೇ ಸಾಕಿತು. ನೀರಿಳಿದು ಹೊಲ ಹದವಾದ ಕೂಡಲೇ, ಯಾರ ಬಾಗಿಲಿಗೂ ಬೀಜಕ್ಕಾಗಿ ಹೋಗದೆ, ಬುರುಡೆ ಒಡೆದು ಹೊಳೆ ತಂದು ಹಾಕಿದ ಹೊಸ ರೇವೆ ಮಣ್ಣಿಗೆ ಬಿತ್ತಿದರು.

ಹೊಳೆ ತಿಳಿಯಾದ ಮೇಲೆ ಸಾಬಣ್ಣ ಅವ್ವನವರ ಬಳಿಗೆ ಬಂದನು. "ಅವ್ವಾರ, ಇಷ್ಟು ದೊಡ್ಡ ಹೊಳಿಗೆ ಅಂಬಿಗ ಒಬ್ಬ ಅಂದ್ರ ತಪ್ಪು. ಕಲಿಯಾವರಿಗೆಲ್ಲ ಕಲಸ್ತೀನಿ."

"ಮೊದಲ ಯಾರಿಗಿ?"

"ದುರ್ಗಿಗಿ. ಹರಿಗೋಲಿನಾಗ ಕಾಲಿನ ಕೆಲಸ ಏನದರಿ? ಕುಂತ ಹುಟ್ಟು ಹಾಕಬೇಕು. ಆಕಿ ತೋಳು ನನಗಿಂತ ಗಟ್ಟಿ ಅದಾವ."

ಮಾರನೆಯ ದಿನ ಊರೆಲ್ಲ ದಂಡೆಯಲ್ಲಿ. ದುರ್ಗವ್ವ ಹುಟ್ಟು ಹಾಕಿದಳು. ಹರಿಗೋಲು ಇದ್ದಲ್ಲೇ ಗರಗರ ತಿರುಗಿತು. ತುಳಜವ್ವ ದಂಡೆಯಿಂದ, "ಏ ದುರ್ಗಿ, ಹೊಳಿ ದಾಟ್ತೀಯೋ ಬುಗುರಿ ಆಡ್ತೀಯೋ?" ಎಂದು ಕೂಗಿದಳು. ಅವ್ವನವರು ಮೊಳಕಾಲ ನೀರಿಗಿಳಿದು ಹರಿಗೋಲನ್ನು ಹಿಡಿದು ಹತ್ತಿ ಕುಳಿತರು.

"ಅಯ್ಯೋ ಅವ್ವಾರ, ನನಗಿನ್ನಾ ಬರಂಗಿಲ್ರಿ! ತಿರಗತದ!"

"ತಿರಗಲಿ ಬಿಡು. ನನಗೂ ನಾಕೂ ದಿಕ್ಕು ನೋಡಬೇಕಾಗಿತ್ತು."

ಎಂಟು ಸುತ್ತು ತಿರುಗಿತು. ಒಂಬತ್ತನೆಯ ಸುತ್ತಿಗೆ ಹುಟ್ಟಿನ ಮರ್ಮ ದುರ್ಗವ್ವನ ಕೈಗೆ ಸಿಕ್ಕಿತು. ಹರಿಗೋಲು ಒಮ್ಮೆ ನಡುಗಿ, ನೇರವಾಗಿ ಆಚೆ ದಡದ ಕಡೆಗೆ ಹೊರಟಿತು. ಊರು ಕುಣಿದಾಡಿತು. ಸಾಬಣ್ಣ ಮಾತ್ರ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ಒಣನೆಲದ ಮೇಲೆ ನಿಂತಿದ್ದನು. ಹರಿಗೋಲು ನಡುಹೊಳೆಯಲ್ಲಿ ಒಮ್ಮೆ ವಾಲಿದಾಗಲೂ ನೀರಿಗಿಳಿಯಲಿಲ್ಲ.