ಕ್ಯಾಸೆಟ್ಟಿನ ಕೆಮ್ಮು

ಹೊಸಕಟ್ಟಿ ಎಂಬ ಊರಿನಲ್ಲಿ ಫಕೀರಪ್ಪನೆಂಬ ದರ್ಜಿಯಿದ್ದ. ಹಗಲಲ್ಲಿ ಅಂಗಿ ಹೊಲಿಯುತ್ತಿದ್ದ. ಸಂಜೆ ಸತ್ತವರೊಬ್ಬರ ದನಿಯಲ್ಲಿ ಹಾಡುತ್ತಿದ್ದ.

ಹೆದರಬೇಡಿ ಮಕ್ಕಳೇ, ಇದು ದೆವ್ವದ ಕಥೆಯಲ್ಲ. ಆ ಸೀಮೆಯಲ್ಲಿ ಹಿಂದೆ ಮಾಸ್ಟರ್ ಕಲ್ಲಿನಾಥ ಎಂಬ ನಾಟಕ ಕಂಪನಿಯ ದೊಡ್ಡ ಗಾಯಕರಿದ್ದರು. ಅವರು ತೀರಿಕೊಂಡು ಎಷ್ಟೋ ವರ್ಷವಾಗಿತ್ತು. ಆದರೂ ಜನ ಅವರನ್ನು ಬಿಟ್ಟಿರಲಿಲ್ಲ. ಫಕೀರಪ್ಪ ಹೊಲಿಗೆ ಯಂತ್ರದ ಪಕ್ಕದಲ್ಲೇ ಅವರ ಕ್ಯಾಸೆಟ್ ಹಾಕಿಕೊಂಡು, ಗೇಣು ಗೇಣಾಗಿ ಅಳೆದು ಹಾಡು ಕಲಿತ. ಆಮೇಲೆ ‘ಜೂನಿಯರ್ ಕಲ್ಲಿನಾಥ’ ಎಂದು ಹೆಸರಿಟ್ಟುಕೊಂಡು ಒಂದು ಮೇಳ ಕಟ್ಟಿದ. ಅವರು ಹಾಕುತ್ತಿದ್ದಂಥದೇ ಕಪ್ಪು ಕೋಟನ್ನು ತಾನೇ ಹೊಲಿದುಕೊಂಡ. ತಲೆಗೆ ಅಂಥದೇ ಜರಿ ಪಟಗ ಸುತ್ತಿಕೊಂಡ. ಪೇಟಿ ಬಾರಿಸಲು, ಅಂದರೆ ಹಾರ್ಮೋನಿಯಂ ನುಡಿಸಲು, ಹಿಂದೆ ಕಲ್ಲಿನಾಥರ ಜೊತೆಗೇ ಇದ್ದ ಮೌಲಾಸಾಬರನ್ನು ಕರೆತಂದ.

ಕ್ಯಾಸೆಟ್ ಮನೆಮನೆಯಲ್ಲೂ ಇತ್ತು. ಈಗ ಫೋನಿನಲ್ಲೂ ಸಿಗುತ್ತದೆ. ಅಸಲು ಕೈಯಲ್ಲಿರುವಾಗ ನಕಲು ನೋಡಲು ಜನ ಯಾಕೆ ಓಡುತ್ತಾರೆ ಎಂದು ನಾನೂ ಮೂಗು ಮುರಿದಿದ್ದೆ. ಒಮ್ಮೆ ಹೋಗಿ ಕೂತೆ. ಪಕ್ಕದಲ್ಲಿದ್ದ ಗುರುತಿಲ್ಲದ ಹೆಂಗಸು ನನ್ನ ಕಡೆ ತಿರುಗಿ, “ಈ ಹಾಡಿಗೆ ನಮ್ಮಪ್ಪ ಅಳತಿದ್ದ ನೋಡ್ರಿ” ಎಂದಳು. ಹೇಳಿ ತಾನೂ ಅತ್ತಳು. ಆಮೇಲೆ ನನಗೂ ಒಂದು ಹಿಡಿ ಶೇಂಗಾ ಕೊಟ್ಟಳು. ಫೋನು ಇಷ್ಟೆಲ್ಲ ಮಾಡುವುದಿಲ್ಲ. ಅವತ್ತಿನಿಂದ ನಾನು ಮೂಗು ಮುರಿಯುವುದನ್ನು ಬಿಟ್ಟೆ.

ಇನ್ನು ಕೆಮ್ಮಿನ ವಿಷಯಕ್ಕೆ ಬರೋಣ. ಕಲ್ಲಿನಾಥರ ಕೊನೆಯ ಕ್ಯಾಸೆಟ್ಟಿನಲ್ಲಿ ಒಂದು ಹಾಡಿದೆ. ತವರಿನಿಂದ ಗಂಡನ ಮನೆಗೆ ಹೊರಟ ಮಗಳು ಗಾಡಿಯವನಿಗೆ ಹೇಳುವ ಹಾಡು ಅದು.

“ಗಾಡಿ ಹೊಡಿಯೋ ಅಣ್ಣಾ, ತುಸು ಸಾವಕಾಶ,
ತವರೂರ ಹಾದಿ ತೀರೀತು.”

ಈ ಸಾಲು ಹಾಡಿನಲ್ಲಿ ಕೊನೆಗೊಮ್ಮೆ ಬರುತ್ತದೆ. ಆಗ ‘ಹಾದಿ’ ಎಂದಮೇಲೆ ಕ್ಯಾಸೆಟ್ಟಿನಲ್ಲಿ ದನಿ ನಿಲ್ಲುತ್ತದೆ. ಎರಡು ಸಲ ಕೆಮ್ಮು ಕೇಳಿಸುತ್ತದೆ. ಆಮೇಲೆ ‘ತೀರೀತು’ ಬರುತ್ತದೆ. ಮಗಳಿಗೆ ಗಂಟಲು ಕಟ್ಟಿದ್ದನ್ನು ಮಾಸ್ಟರು ಹೀಗೆ ತೋರಿಸಿದ್ದಾರೆ, ಎಂಥಾ ಕಲೆ ಎಂದು ಜನ ಮೆಚ್ಚಿದರು. ಫಕೀರಪ್ಪ ಆ ಕೆಮ್ಮನ್ನೂ ಕಲಿತ. ಮೊದಲನೆಯದು ಒಣ ಕೆಮ್ಮು, ಎರಡನೆಯದು ತುಸು ಆಳ, ಎಲ್ಲ ಕರಾರುವಾಕ್ಕು. ಬರಬರುತ್ತಾ ಸಭೆಯ ಜನರೂ ಅವನೊಂದಿಗೆ ಕೆಮ್ಮತೊಡಗಿದರು. ಸಾವಿರ ಜನ ಒಟ್ಟಿಗೆ “ಖೊಕ್ ಖೊಕ್” ಎಂದು ಕೆಮ್ಮಿ, ಕೇಕೆ ಹಾಕಿ ನಗುತ್ತಿದ್ದರು. ಮೌಲಾಸಾಬರು ಮಾತ್ರ ಆ ಗಳಿಗೆಯಲ್ಲಿ ತಲೆ ಬಗ್ಗಿಸಿ ಪೇಟಿಯ ಬಿಳಿ ಕಪ್ಪು ಪಟ್ಟಿಗಳನ್ನೇ ನೋಡುತ್ತಿದ್ದರು. ಅದನ್ನು ಯಾರೂ ಗಮನಿಸಿರಲಿಲ್ಲ.

ಮಾಸ್ಟರರ ಇಪ್ಪತ್ತೆರಡನೆಯ ಪುಣ್ಯತಿಥಿಗೆ ಊರಿನ ಸಮಿತಿಯವರು ಟೌನ್ ಹಾಲಿನಲ್ಲಿ ದೊಡ್ಡ ಕಾರ್ಯಕ್ರಮ ಇಟ್ಟರು. ಪಾಂಪ್ಲೆಟ್ ಹಂಚಿದರು. ಅದರಲ್ಲಿ ದಪ್ಪ ಅಕ್ಷರದಲ್ಲಿ ಹೀಗಿತ್ತು: “ಅದೇ ಕಂಠ! ಅದೇ ಕೋಟು! ಅದೇ ಕೆಮ್ಮು!”

ಅವತ್ತು ಮಧ್ಯಾಹ್ನ ಫಕೀರಪ್ಪ ಹಾಲಿನಲ್ಲಿ ಮೈಕು ಸರಿಮಾಡಿಸುತ್ತಿದ್ದ. ಸಮಿತಿಯ ಅಧ್ಯಕ್ಷರು ಖುಷಿಯಿಂದ ಓಡಿಬಂದರು.

“ಜೂನಿಯರ್, ನಿನ್ನ ನಸೀಬ ತೆರೀತು ನೋಡಪಾ! ಮಾಸ್ಟರರ ಹೆಂಡತಿ ಬಸಲಿಂಗವ್ವಾರು ಬರ್ತೀನಂತ ಒಪ್ಪ್ಯಾರ. ಇಷ್ಟ ವರ್ಷ ಎಷ್ಟ ಕರದ್ರೂ ಬಂದಿದ್ದಿಲ್ಲ. ಮುಂದಿನ ಸಾಲಿನಾಗ ನಿನ್ನ ಎದುರಿಗೇ ಕುಂದರಸ್ತೀವಿ. ಶಾಲು ಹೊದಿಸೂದೈತಿ.”

ಫಕೀರಪ್ಪನಿಗೆ ಮೊದಲು ಹಿಗ್ಗಾಯಿತು. ಅಧ್ಯಕ್ಷರು ಹೋದಮೇಲೆ ತಿರುಗಿ ನೋಡಿದ. ಮೌಲಾಸಾಬರ ಮುಖ ಬಿಳಿಚಿಕೊಂಡಿತ್ತು.

“ಯಾಕ ಕಾಕಾ, ಆರಾಮಿಲ್ಲೇನು?”

“ಫಕೀರ, ಇವತ್ತ ಆ ಕೆಮ್ಮ ಬ್ಯಾಡ.”

“ಯಾಕ್ರೀ? ಜನಾ ಬರೂದ ಅದಕ್ಕ.”

ಮೌಲಾಸಾಬರು ಪೇಟಿಯನ್ನು ಮುಚ್ಚಿದರು. ಇಷ್ಟು ವರ್ಷ ನುಂಗಿಕೊಂಡಿದ್ದ ಮಾತನ್ನು ಆಗ ಹೊರಗೆ ಹಾಕಿದರು.

“ಅದು ಕಲಾ ಅಲ್ಲೋ ಮಾರಾಯ, ಬ್ಯಾನಿ. ಕ್ಯಾಸೆಟ್ ಮಾಡೂ ದಿನಾ ಅವರ ಮೈಯಾಗ ಜ್ವರ ಇತ್ತು. ಇನ್ನೊಮ್ಮೆ ಹಾಡ್ತೀನಿ ಅಂದ್ರು. ಹೊತ್ತಾತು, ಇಷ್ಟ ಸಾಕು ಅಂದ್ರು ಕ್ಯಾಸೆಟ್ಟಿನವರು. ಆ ಕೆಮ್ಮೇ ಮೊದಲನೇದ್ದು. ಆಮ್ಯಾಲೆ ಅದು ನಿಲ್ಲಲೇ ಇಲ್ಲ. ಎಂಟ ತಿಂಗಳಿಗೆ ಹೋಗಿಬಿಟ್ರು. ಒಂದೊಂದ ಕೆಮ್ಮಿಗೂ ಬಸಲಿಂಗವ್ವಾರು ಎದ್ದು ಅವರ ಬೆನ್ನ ತಿಕ್ಕತಿದ್ರು. ನಾ ಕಣ್ಣಾರೆ ನೋಡೇನಿ.”

“ಮತ್ತ ನನಗ ಯಾಕ ಹೇಳಲಿಲ್ಲರೀ ಕಾಕಾ?”

“ಜನಾ ಕುಣೀತಿದ್ರು. ನೀನೂ ಖುಷೀಲೆ ಇದ್ದಿ. ನನ್ನ ಬಾಯಿ ಏಳಲಿಲ್ಲ.”

ಫಕೀರಪ್ಪ ವೇದಿಕೆಯ ಅಂಚಿನಲ್ಲಿ ಕೂತ. ಹುಲಿಯನ್ನು ನೋಡಿ ನರಿ ಮೈ ಸುಟ್ಟುಕೊಂಡಿತು ಎನ್ನುತ್ತಾರಲ್ಲ, ಆ ನರಿ ತನ್ನ ಮೈಯನ್ನಷ್ಟೇ ಸುಟ್ಟುಕೊಂಡಿತ್ತು. ತಾನು ಸಾವಿರ ಜನರಿಗೆ ಒಬ್ಬರ ಬೇನೆಯನ್ನು ಆಟವೆಂದು ಕಲಿಸಿದ್ದೇನೆ ಎಂದು ಅವನಿಗೆ ಆಗ ಅರ್ಥವಾಯಿತು. ಇನ್ನು ನಾಲ್ಕು ತಾಸಿಗೆ ಆ ತಾಯಿ ಎದುರಿಗೆ ಬಂದು ಕೂರುತ್ತಾರೆ. ಅವರ ಬೆನ್ನ ಹಿಂದೆ ಇಡೀ ಹಾಲು ಕೆಮ್ಮುತ್ತದೆ, ಕೆಮ್ಮಿ ನಗುತ್ತದೆ.

ಎದ್ದು ಅಧ್ಯಕ್ಷರ ಹತ್ತಿರ ಓಡಿದ. “ಇವತ್ತ ಗಾಡಿ ಹಾಡು ಬಿಟ್ಟುಬಿಡ್ತೀನ್ರೀ.”

“ಏನಂತ ಮಾತಾಡ್ತಿ! ಆ ಹಾಡಿಲ್ಲಂದ್ರ ಜನಾ ಹಾಲಿನಿಂದ ಏಳ್ತಾರೇನು? ಪಾಂಪ್ಲೆಟ್ ನೋಡು. ಕೆಮ್ಮ ಇಲ್ಲದಿದ್ರ ನಿನಗೂ ಬೇರೆ ದರ್ಜಿಗೂ ಏನ್ ಫರಕ್ ಐತಿ?”

ಅಧ್ಯಕ್ಷರ ಮಾತಿನಲ್ಲಿ ಸುಳ್ಳಿರಲಿಲ್ಲ. ಪಕ್ಕದ ತಾಲ್ಲೂಕಿನಲ್ಲಿ ಇನ್ನೊಬ್ಬ ಜೂನಿಯರ್ ಕಲ್ಲಿನಾಥನಿದ್ದ. ಹೋದ ವರ್ಷ ಅವನು ಒಮ್ಮೆ ಕೆಮ್ಮು ಮರೆತ. ಜನ ಕುರ್ಚಿ ಬಡಿದು ಅವನನ್ನು ಇಳಿಸಿದರು. ಆಮೇಲೆ ಯಾರೂ ಅವನನ್ನು ಹಾಡಲು ಕರೆಯಲಿಲ್ಲ. ಈಗ ಅವನು ಮದುವೆ ಮನೆಗಳಲ್ಲಿ ಬೇರೆಯವರಿಗೆ ಮೈಕು ಕಟ್ಟುತ್ತಾನೆ. ಫಕೀರಪ್ಪನಿಗೆ ಹಾಡು ಬಿಟ್ಟರೆ ಬೇರೆ ಸುಖವಿರಲಿಲ್ಲ. ಕೆಮ್ಮಿನ ನಿಜವನ್ನು ಮೈಕಿನಲ್ಲಿ ಹೇಳಿಬಿಡೋಣವೆಂದರೆ, ಆ ತಾಯಿಯ ದುಃಖವನ್ನು ಸಾವಿರ ಜನರೆದುರು ಬಿಚ್ಚಿಟ್ಟ ಹಾಗಾಗುತ್ತದೆ. ಅತ್ತ ದರಿ, ಇತ್ತ ಪುಲಿ.

ವಾಪಸು ಬಂದು ಮೌಲಾಸಾಬರ ಮುಂದೆ ನಿಂತ. “ಕಾಕಾ, ಅವರು ಮೈ ಆರಾಮಿದ್ದಾಗ ಆ ಸಾಲ ಹೆಂಗ ಹಾಡತಿದ್ರು?”

ಮುದುಕರ ಕಣ್ಣು ಅರಳಿತು. ಪೇಟಿ ತೆಗೆದು ತೋರಿಸಿದರು. ಕಂಪನಿಯ ಕಾಲದಲ್ಲಿ ಮಾಸ್ಟರು ‘ಹಾದಿ’ಯನ್ನು ಉದ್ದಕ್ಕೆ ಎಳೆದು, ಮೇಲೇರಿಸಿ, ನಿಧಾನಕ್ಕೆ ಇಳಿಸಿ, ಅದೇ ಉಸಿರಿನಲ್ಲಿ ‘ತೀರೀತು’ ಎಂದು ಮುಟ್ಟಿಸುತ್ತಿದ್ದರಂತೆ. ನಡುವೆ ತಡೆಯೇ ಇರುತ್ತಿರಲಿಲ್ಲ. ಫಕೀರಪ್ಪ ನಾಲ್ಕು ಸಲ ಪ್ರಯತ್ನಿಸಿದ. ಮೂರು ಸಲ ನಡುವೆಯೇ ಉಸಿರು ಮುಗಿದು ನಿಜವಾದ ಕೆಮ್ಮೇ ಬಂತು. ನಾಲ್ಕನೆಯ ಸಲ ಹೇಗೋ ದಡ ಮುಟ್ಟಿದ. ಅಷ್ಟರಲ್ಲಿ ಜನ ಬರತೊಡಗಿದರು.

ಹಾಲು ಕಿಕ್ಕಿರಿಯಿತು. ಬಸಲಿಂಗವ್ವ ಬಿಳಿ ಸೀರೆಯುಟ್ಟು, ಸೆರಗು ಹೊದ್ದು ಬಂದು ಮುಂದಿನ ಸಾಲಿನಲ್ಲಿ ಕೂತರು. ಯಾರೋ ಅವರ ಕೈಗೂ ಒಂದು ಪಾಂಪ್ಲೆಟ್ ಕೊಟ್ಟಿದ್ದರು. ಅವರು ಅದನ್ನು ಓದಿ, ಮಡಚಿ, ಮುಷ್ಟಿಯಲ್ಲಿ ಹಿಡಿದುಕೊಂಡರು. ಅದನ್ನು ಕಂಡ ಫಕೀರಪ್ಪ ಮೊದಲ ಹಾಡಿನಲ್ಲಿ ಎರಡು ಕಡೆ ಮಾತು ಮರೆತ. ಮೂರನೆಯ ಹಾಡಿನ ಹೊತ್ತಿಗೆ ಕೋಟು ಬೆವರಿನಿಂದ ಬೆನ್ನಿಗೆ ಅಂಟಿತ್ತು. ಜನ ಮಾತ್ರ ಚಪ್ಪಾಳೆ ತಟ್ಟುತ್ತಾ, “ಗಾಡಿ ಹಾಡು! ಗಾಡಿ ಹಾಡು!” ಎಂದು ಕೂಗತೊಡಗಿದರು.

ಬೇರೆ ದಾರಿಯಿರಲಿಲ್ಲ. ಹಾಡು ಶುರುಮಾಡಿದ.

ಕೊನೆಯ ಸಾಲು ಹತ್ತಿರ ಬಂತು. ಹಿಂದೆ ಕೂತ ಜನ ಒಬ್ಬರಿಗೊಬ್ಬರು ಮೊಣಕೈ ತಿವಿದರು. ಕೆಲವರು ಆಗಲೇ ಬಾಯಿಯ ಹತ್ತಿರ ಮುಷ್ಟಿ ತಂದಿದ್ದರು. ಬಸಲಿಂಗವ್ವ ಕಣ್ಣು ಮುಚ್ಚಿ, ಏಟು ಬೀಳುವುದನ್ನು ಕಾಯುವವರಂತೆ ಹೆಗಲು ಕುಗ್ಗಿಸಿ ಕೂತಿದ್ದರು. ಫಕೀರಪ್ಪನಿಗೆ ಆಗ ತನಗೆ ಕತ್ತರಿ ಹಿಡಿಯಲು ಕಲಿಸಿದ ಗುರುವಿನ ಮಾತು ನೆನಪಾಯಿತು. ಹೊಸ ಅಂಗಿಗೆ ಅಳತೆಯೆಂದು ಜನ ತೇಪೆ ಹಾಕಿದ ಹಳೆಯ ಅಂಗಿಯೊಂದನ್ನು ತಂದು ಕೊಡುತ್ತಾರಲ್ಲ, ಅದರ ಬಗ್ಗೆ ಆ ಮುದುಕ ಹೇಳುತ್ತಿದ್ದದ್ದು ಇಷ್ಟೇ: “ಅಳತಿ ಅಂಗಿಯಿಂದ ಅಳತಿ ತಗೋ. ತ್ಯಾಪಿ ತಗೋಬ್ಯಾಡ.”

ಫಕೀರಪ್ಪ ‘ಹಾದಿ’ ಎಂದ. ನಿಲ್ಲಿಸಲಿಲ್ಲ. ಎಳೆದ, ಮೇಲೇರಿಸಿದ. ನಡುವೆ ಉಸಿರು ನಡುಗಿತು, ಗಂಟಲಲ್ಲಿ ಕಡಿತ ಶುರುವಾಯಿತು. ಮೌಲಾಸಾಬರು ಪೇಟಿಯ ದನಿ ಏರಿಸಿ ಅವನಿಗೆ ಆಸರೆ ಕೊಟ್ಟರು. ಅವನು ಅದನ್ನು ಹಿಡಿದು ಇಳಿದುಬಂದು ‘ತೀರೀತು’ ಎಂದು ಮುಟ್ಟಿಸಿದ. ಕೆಮ್ಮಲು ಜಾಗವೇ ಸಿಗದೆ ಸಾವಿರ ಜನ ಬಾಯಿ ತೆರೆದುಕೊಂಡೇ ಉಳಿದರು.

ಆಮೇಲೆ ಹಿಂದಿನಿಂದ ಒಬ್ಬ ಕೂಗಿದ.

“ಏ ಡೂಪ್ಲಿಕೇಟ್! ಕೆಮ್ಮ ಎಲ್ಲೈತೋ?”

ಇನ್ನೊಬ್ಬ ಕುರ್ಚಿ ಬಡಿದ. ಅವನನ್ನು ನೋಡಿ ಮತ್ತೆ ಹತ್ತು ಜನ ಬಡಿದರು. ಪರದೆಯ ಪಕ್ಕದಲ್ಲಿ ನಿಂತ ಅಧ್ಯಕ್ಷರು ಬಾಯಿಗೆ ಕೈ ಹಿಡಿದು, ಕೆಮ್ಮು, ಕೆಮ್ಮು ಎಂದು ಸನ್ನೆ ಮಾಡುತ್ತಿದ್ದರು. ಎಲ್ಲ ಮುಗಿಯಿತು, ಇನ್ನು ಮೈಕು ಕಟ್ಟುವುದೇ ಗತಿ ಎಂದುಕೊಂಡು ಫಕೀರಪ್ಪ ಗೋಣು ಬಗ್ಗಿಸಿ ನಿಂತ.

ಆಗ ಮುಂದಿನ ಸಾಲಿನಲ್ಲಿ ಬಸಲಿಂಗವ್ವ ಎದ್ದು ನಿಂತರು. ಅವರು ಏನು ಅನ್ನುತ್ತಾರೋ ಎಂದು ಸಾಲು ಸಾಲಾಗಿ ಎಲ್ಲರೂ ತೆಪ್ಪಗಾದರು. ಬಯ್ಯುತ್ತಾರೆ ಎಂದೇ ಫಕೀರಪ್ಪ ತಿಳಿದ. ಆ ತಾಯಿ ಸೆರಗಿನಿಂದ ಕೈ ಹೊರತೆಗೆದು ಮೇಲಕ್ಕೆತ್ತಿದರು. ಹಿಂದೆ ಕಂಪನಿ ನಾಟಕಗಳಲ್ಲಿ ಜನ ತಮ್ಮ ಗಂಡನಿಗೆ ಕೂಗುತ್ತಿದ್ದ ಮಾತನ್ನೇ ಸಣ್ಣ ದನಿಯಲ್ಲಿ ಹೇಳಿದರು.

“ವನ್ಸ್‌ಮೋರ್.”

ಫಕೀರಪ್ಪ ಮತ್ತೆ ಹಾಡಿದ. ಈ ಸಲ ಉಸಿರು ನಡುಗಲಿಲ್ಲ. ಹಾಡಿನ ಕೊನೆಯ ಸಾಲಿಗೆ ಕೆಮ್ಮಲು ಬಂದವರು ಬೇರೆ ಕೆಲಸವಿಲ್ಲದೆ ತಾವೂ ‘ತೀರೀತು’ ಎಂದು ದನಿಗೂಡಿಸಿದರು. ಹಾಲೆಲ್ಲ ಒಂದೇ ದನಿಯಾಯಿತು. ನಡುವೆ ನಿಜವಾಗಿ ನೆಗಡಿಯಾದ ಪಾಪದವನೊಬ್ಬ ಕೆಮ್ಮಿದ. ಇಡೀ ಸಾಲು ಅವನನ್ನು ದುರುಗುಟ್ಟಿ ನೋಡಿತು. ಅವನು ಟವೆಲಿನಿಂದ ಬಾಯಿ ಮುಚ್ಚಿಕೊಂಡ.

ಶಾಲು ಹೊದಿಸುವಾಗ ಬಸಲಿಂಗವ್ವ ಕೇಳಿದರು. “ನಿನ್ನ ಹೆಸರೇನು ತಮ್ಮಾ?”

“ಜೂನಿಯರ್ ಕಲ್ಲಿನಾಥ್ರೀ ಅವ್ವಾರ.”

“ಅದಲ್ಲ. ನಿಮ್ಮವ್ವ ಇಟ್ಟ ಹೆಸರು.”

“ಫಕೀರಪ್ಪ ಅಂತರೀ.”

“ಫಕೀರಪ್ಪಾ, ಆ ಕ್ಯಾಸೆಟ್ ನಾನು ಇಪ್ಪತ್ತೆರಡ ವರ್ಷದಿಂದ ಮನ್ಯಾಗ ಹಚ್ಚಿಲ್ಲ. ಅದರಾಗ ಅವರು ಪ್ರತೀ ಸಲ ಕೆಮ್ಮತಾರ. ಎಷ್ಟ ಸಲ ಹಚ್ಚಿದ್ರೂ ಅದೇ ಜಾಗಾದಾಗ ಕೆಮ್ಮತಾರ. ನನಗ ಎದ್ದು ಹೋಗಿ ಬೆನ್ನ ತಿಕ್ಕಲಿಕ್ಕೂ ಆಗೂದಿಲ್ಲ.” ಅವರು ಅವನ ತಲೆಯ ಮೇಲೆ ಕೈಯಿಟ್ಟರು. “ಇವತ್ತ ಕೆಮ್ಮಲಿಲ್ಲ ನೋಡು.”

ಫಕೀರಪ್ಪ ಸಭೆಯ ಎದುರಿಗೇ ಅತ್ತುಬಿಟ್ಟ. ಆದರೆ ಅವನ ಪೀಕಲಾಟ ಅಂದಿಗೇ ಮುಗಿಯಿತೆಂದು ನಾನು ಹೇಳುವುದಿಲ್ಲ. ಎರಡು ಊರಿನವರು, ಕೆಮ್ಮದಿದ್ದರೆ ಬೇಡ ಎಂದು ಅವನನ್ನು ಬಿಟ್ಟರು. ಮೂರನೆಯ ಊರಿನವರು ಕರೆದರು. ಅಲ್ಲಿಗೆ ಬಸಲಿಂಗವ್ವ ಕರೆಯದೆಯೇ ಬಂದು, ಟಿಕೆಟ್ ತೆಗೆದುಕೊಂಡು, ಜನರ ನಡುವೆ ಕೂತಿದ್ದರು.

ನೀತಿ: ಹಿರಿಯರ ದಾರಿಯಲ್ಲಿ ನಡೆಯುವವರು ಅವರ ಅಳತೆ ತೆಗೆದುಕೊಳ್ಳಬೇಕು, ತೇಪೆಯನ್ನಲ್ಲ. ಒಬ್ಬರ ನೋವನ್ನು ತಿಳಿಯದೆ ಆಡಿ ನಗುವುದು ತಪ್ಪು. ತಿಳಿದ ಮೇಲೂ ಚಪ್ಪಾಳೆಗಾಗಿ ಆಡುವುದು ಪಾಪ. ಅಗಲಿದವರು ಕ್ಯಾಸೆಟ್ಟಿನಲ್ಲಿ ಇದ್ದ ಹಾಗೆಯೇ ಇರುತ್ತಾರೆ. ಎದುರಿಗೆ ನಿಂತು ಹಾಡುವ ಜೀವ ಮಾತ್ರ ಅವರ ನೋವನ್ನು ಒಂದು ಉಸಿರಿನಷ್ಟಾದರೂ ಇಳಿಸಬಲ್ಲದು.